ಮೆಟ್ಟಿಲ ಮೇಲೆ ಕಾವಡಿ ಹೊತ್ತವನು

ಎರಡು ಸಂಚಿಕೆ ಹಿಂದೆ ಬೀದರಿನ ಮಹಮೂದ್ ಗಾವಾನ್ ಮದರಸಾದ ಬಗ್ಗೆ ಒಬ್ಬರು ಕೇಳಿದ್ದರು. ಉತ್ತರ ಬರೆಯುವಾಗ ‘ಇಂಥದ್ದೇ ನೀಲಿ ಟೈಲ್ಸ್ ಕೆಲಸವನ್ನು ಇರಾನಿನಲ್ಲೂ ನೋಡಿ ಬಂದಿದ್ದೇನೆ’ ಅಂತ ಒಂದು ಸಾಲು ಸೇರಿಸಿಬಿಟ್ಟೆ. ಅಷ್ಟೇ ನೋಡಿ, ಈ ಸಲದ ಟಪಾಲಿನಲ್ಲಿ ಇರಾನ್ ಬಿಟ್ಟು ಬೇರೆ ಪ್ರಶ್ನೆಯೇ ಇಲ್ಲ! ಹಾಗಾಗಿ ಈ ಸಂಚಿಕೆ ಪೂರ್ತಿ ಅದಕ್ಕೇ. ನಾನು ಪಂಡಿತೆಯಲ್ಲ. 31 ವರ್ಷ ಬೀದರ್ ಜಿಲ್ಲೆಯ ಹೈಸ್ಕೂಲಿನಲ್ಲಿ ಸಮಾಜ ವಿಜ್ಞಾನ ಪಾಠ ಮಾಡಿದವಳು. ಇರಾನಿಗೆ ಎರಡು ಸಲ ಹೋಗಿದ್ದೆ. 2016ರ ಏಪ್ರಿಲ್‌ನಲ್ಲಿ ಗುಂಪಿನ ಜೊತೆ, 2018ರ ಅಕ್ಟೋಬರ್‌ನಲ್ಲಿ ನಮ್ಮ ಮನೆಯವರ ಜೊತೆ. ಕಂಡಿದ್ದನ್ನು ಹೇಳುತ್ತೇನೆ.

ಪ್ರ: ಮೇಡಂ, ಏಳು ದಿನದಲ್ಲಿ ಆರು ಊರು ತೋರಿಸುತ್ತೇವೆ ಅಂತ ಒಂದು ಟೂರ್ ಪ್ಯಾಕೇಜ್ ನೋಡಿದೆ. ಮುಂದೆ ಎಂದಾದರೂ ಹೋಗುವುದಾದರೆ ಇಂಥದ್ದರಲ್ಲಿ ಹೋಗಬಹುದಾ?
*– ನಿವೃತ್ತ ಬ್ಯಾಂಕ್ ಉದ್ಯೋಗಿ, ಧಾರವಾಡ*

ಸರ್, ದಯವಿಟ್ಟು ಬೇಡ. ನಾನು ಮೊದಲ ಸಲ ಹೋಗಿದ್ದು ಇಂಥದ್ದರಲ್ಲೇ. ಹದಿನೆಂಟು ಜನ, ಒಂದು ಬಸ್ಸು, ಕೊರಳಿಗೆ ಸೀಟಿ ಹಾಕಿಕೊಂಡ ಒಬ್ಬ ಟೂರ್ ಮ್ಯಾನೇಜರ್. ಪರ್ಸೆಪೊಲಿಸ್‌ಗೆ ಮಧ್ಯಾಹ್ನ ಒಂದು ಗಂಟೆಗೆ ಇಳಿಸಿದರು. ತಲೆ ಮೇಲೆ ಬಿಸಿಲು. ನಲವತ್ತು ನಿಮಿಷಕ್ಕೆ ಸೀಟಿ ಊದಿಯೇಬಿಟ್ಟ. ಯಾಕೆ ಗೊತ್ತಾ? ಶಿರಾಜ್‌ನಲ್ಲಿ ಊಟಕ್ಕೆ ಟೇಬಲ್ ಬುಕ್ ಆಗಿತ್ತು. ಎರಡು ಸಾವಿರದ ಐನೂರು ವರ್ಷ ಹಳೆಯ ಅರಮನೆಯನ್ನು ಊಟದ ಟೇಬಲ್ ಸೋಲಿಸಿತು.

ಊರಿಗೆ ಬಂದ ಮೇಲೆ ಒಂಬತ್ತನೇ ಕ್ಲಾಸಿನಲ್ಲಿ ಅಲ್ಲಿನ ಕೆತ್ತನೆಗಳ ಫೋಟೊ ತೋರಿಸುತ್ತಿದ್ದೆ. ಒಬ್ಬ ಹುಡುಗ ಎದ್ದು ನಿಂತು, “ಟೀಚರ್, ಈ ಮೆಟ್ಟಿಲ ಮೇಲೆ ಇಷ್ಟು ಜನ ಎಲ್ಲಿಗೆ ಹೊರಟಿದ್ದಾರೆ?” ಅಂದ. ನನಗೆ ಹೇಳಲು ಬರಲಿಲ್ಲ. ಆ ಹುಡುಗನ ದೆಸೆಯಿಂದಲೇ ಎರಡನೇ ಸಲ ಹೋಗಿದ್ದು ಅಂದರೂ ತಪ್ಪಿಲ್ಲ.

ಎರಡನೇ ಸಲ ಶಿರಾಜ್‌ನಲ್ಲಿ ನಾಲ್ಕು ದಿನ ಇದ್ದೆವು. ಅದರಲ್ಲಿ ಎರಡು ಪೂರ್ತಿ ದಿನ ಪರ್ಸೆಪೊಲಿಸ್‌ಗೇ. ಶಿರಾಜ್‌ನಿಂದ ಸುಮಾರು 60 ಕಿಲೋಮೀಟರ್, ಟ್ಯಾಕ್ಸಿ ಸಿಗುತ್ತದೆ. ಬೆಳಿಗ್ಗೆ ಬಾಗಿಲು ತೆಗೆಯುವಾಗಲೇ ಹೋಗಿ, ಮಧ್ಯಾಹ್ನ ಹೊರಗೆ ಬಂದು, ಬಿಸಿಲಿಳಿದ ಮೇಲೆ ಮತ್ತೆ ಒಳಗೆ ಹೋಗಿ. ಇಳಿಬಿಸಿಲಿಗೆ ಕಲ್ಲಿನ ಗೀರುಗಳು ಎದ್ದು ಕಾಣುತ್ತವೆ. ಅಲ್ಲಿಂದ ಯಜ್ದ್‌ಗೆ ಮೂರು ದಿನ, ಇಸ್ಫಹಾನ್‌ಗೆ ನಾಲ್ಕು ದಿನ ಕೊಡಿ. ಟೆಹರಾನಿನಲ್ಲಿ ರಾಷ್ಟ್ರೀಯ ಮ್ಯೂಸಿಯಂಗೆ ಒಂದು ದಿನ ಸಾಕು. ಉಳಿದ ಊರುಗಳನ್ನು ಸುಮ್ನೆ ಬಿಟ್ಟುಬಿಡಿ. ಟಿಕೆಟ್ ಮಾಡಿಸುವ ಮೊದಲು ಮಾತ್ರ ಕೆಳಗೆ ಮಂಗಳೂರಿನವರಿಗೆ ಬರೆದ ಉತ್ತರ ಓದಿ.

ಪ್ರ: ಪರ್ಸೆಪೊಲಿಸ್‌ನ ಕೆತ್ತನೆಗಳಲ್ಲಿ ಭಾರತೀಯರೂ ಇದ್ದಾರಂತೆ, ನಿಜವಾ? ಅವರು ನಮ್ಮ ಕಡೆಯವರಾ?
*– ಬಿ.ಎ. ವಿದ್ಯಾರ್ಥಿನಿ, ಗದಗ*

ಇದ್ದಾರಮ್ಮ. ಆ ಹುಡುಗನ ಪ್ರಶ್ನೆಗೂ ಇದೇ ಉತ್ತರ. ಸ್ವಲ್ಪ ಉದ್ದ ಆಗುತ್ತದೆ, ತಾಳ್ಮೆಯಿಂದ ಓದು.

ಪರ್ಸೆಪೊಲಿಸ್ ಅನ್ನುವುದು ಗ್ರೀಕರು ಇಟ್ಟ ಹೆಸರು. ಅಲ್ಲಿ ಟ್ಯಾಕ್ಸಿಯವರಿಗೆ ‘ತಖ್ತ್-ಎ-ಜಮ್ಷೀದ್’ ಅನ್ನಬೇಕು, ಅಂದರೆ ಜಮ್ಷೀದನ ಸಿಂಹಾಸನ. ಜಮ್ಷೀದ ಪುರಾಣದ ರಾಜ. ಕಟ್ಟಿಸಿದವನನ್ನು ಜನ ಮರೆತರು, ಕಟ್ಟಡ ಮಾತ್ರ ಕಣ್ಣೆದುರು ನಿಂತಿತ್ತು, ಪುರಾಣದವನ ಹೆಸರು ಅಂಟಿಸಿದರು. ನಮ್ಮಲ್ಲಿ ಹಳೇ ಗುಡಿಯನ್ನೆಲ್ಲ ಪಾಂಡವರು ಕಟ್ಟಿಸಿದ್ದು ಅನ್ನುತ್ತೇವಲ್ಲ, ಹಾಗೆ. ಪಸರ್ಗಾದೆಯಲ್ಲಿರುವ ಸೈರಸ್ ದೊರೆಯ ಸಮಾಧಿಗೂ ಇದೇ ಕಥೆ. ನೂರಾರು ವರ್ಷ ಅದು ‘ಸಾಲೊಮನ್ ದೊರೆಯ ತಾಯಿಯ ಗೋರಿ’ ಆಗಿತ್ತು.

ಪರ್ಸೆಪೊಲಿಸ್ ಕಟ್ಟಲು ಶುರು ಮಾಡಿದವನು ಪರ್ಷಿಯದ, ಅಂದರೆ ಹಿಂದಿನ ಇರಾನಿನ, ದೊರೆ ಒಂದನೇ ಡೇರಿಯಸ್, ಸುಮಾರು ಕ್ರಿ.ಪೂ. 518ರಲ್ಲಿ. ಮಗ ಕ್ಸೆರ್ಕ್ಸಿಸ್ ಮುಂದುವರಿಸಿದ. ಕ್ರಿ.ಪೂ. 330ರಲ್ಲಿ ಅಲೆಕ್ಸಾಂಡರ್ ಬಂದಾಗ ಬೆಂಕಿಗೆ ಬಿತ್ತು. ಎದುರಿಗೇ ಎರಡು ಕಡೆ ಕವಲೊಡೆದ ದೊಡ್ಡ ಮೆಟ್ಟಿಲು, ಒಂದೊಂದು ಕಡೆ 111. ಒಂದು ಮೆಟ್ಟಿಲಿನ ಎತ್ತರ ಬರೀ 10 ಸೆಂಟಿಮೀಟರ್. ನನ್ನಂಥ ಮೊಣಕಾಲು ನೋವಿನವರು ಡೇರಿಯಸ್‌ಗೆ ಕೈಮುಗಿಯಬೇಕು! ಕುದುರೆ ಹತ್ತಲಿ ಅಂತ ಹೀಗೆ ಮಾಡಿದರು ಅನ್ನುವವರಿದ್ದಾರೆ. ಉದ್ದ ನಿಲುವಂಗಿಯ ದೊಡ್ಡವರು ಎಡವದೆ, ಗತ್ತಿನಿಂದ ಹತ್ತಲಿ ಅಂತ ಅನ್ನುವವರೂ ಇದ್ದಾರೆ. ಹತ್ತಿ ನೋಡಿದ ಮೇಲೆ ನನ್ನ ಮತ ಎರಡನೆಯವರಿಗೆ.

ಮೇಲೆ ಹೋದರೆ ಅಪದಾನ ಅನ್ನುವ ದೊಡ್ಡ ಸಭಾಂಗಣ. 72 ಕಂಬ ಇದ್ದವು, ಈಗ ನಿಂತಿರುವುದು 13. ಆ ಅಪದಾನದ ಪೂರ್ವದ ಮೆಟ್ಟಿಲ ಗೋಡೆಯೇ ನೀನು ಕೇಳಿದ ಜಾಗ. ಅರಮನೆ ಸುಟ್ಟಾಗ ಬೂದಿ, ಮಣ್ಣು ಎಲ್ಲ ಈ ಗೋಡೆಯನ್ನು ಮುಚ್ಚಿಬಿಟ್ಟಿತು. 1930ರ ದಶಕದಲ್ಲಿ ಅಗೆದು ತೆಗೆಯುವವರೆಗೆ ಅದು ಮಳೆ ಬಿಸಿಲು ಕಂಡಿರಲೇ ಇಲ್ಲ. ಹಾಗಾಗಿ ಗಡ್ಡದ ಗುಂಗುರು ಕೂಡ ನಿನ್ನೆ ಕೆತ್ತಿದ ಹಾಗಿದೆ. ಸುಟ್ಟಿದ್ದೇ ಉಳಿಸಿತು ನೋಡು.

ಗೋಡೆಯ ಮೇಲೆ 23 ಗುಂಪುಗಳು. ಸಾಮ್ರಾಜ್ಯದ ಬೇರೆ ಬೇರೆ ಸೀಮೆಯವರು ಅರಸನಿಗೆ ಕಾಣಿಕೆ ತರುತ್ತಿದ್ದಾರೆ. ಒಬ್ಬರು ಒಂಟೆ, ಒಬ್ಬರು ಟಗರು, ಇನ್ನೊಬ್ಬರು ಮಡಿಸಿದ ಬಟ್ಟೆ. ಒಂದು ಗುಂಪಿಗೂ ಇನ್ನೊಂದಕ್ಕೂ ನಡುವೆ ಒಂದು ಸೈಪ್ರೆಸ್ ಮರ. ವಿದ್ವಾಂಸರು ಹಾಕಿದ ಲೆಕ್ಕದಲ್ಲಿ ಹದಿನೆಂಟನೆಯ ಗುಂಪು ಭಾರತದವರದು.

ಅದರ ಎದುರು ನೆಲದ ಮೇಲೆ ಒಂದು ಗಂಟೆ ಕೂತಿದ್ದೆ. ಮುಂದೆ ಒಬ್ಬ ದರ್ಬಾರಿನವನು. ಅವನು ಹಿಂದೆ ಬರುವ ಮುಖಂಡನ ಕೈ ಹಿಡಿದುಕೊಂಡಿದ್ದಾನೆ, ಮದುವೆ ಮನೆಯಲ್ಲಿ ಬೀಗರನ್ನು ಒಳಗೆ ಕರೆದುಕೊಂಡು ಹೋಗುವ ಹಾಗೆ. ಮುಖಂಡನ ಮೈತುಂಬ ಬಟ್ಟೆ. ಹಿಂದಿನವರದು ಬರಿ ಮೈ, ಮೊಣಕಾಲವರೆಗೆ ಪಂಚೆ, ಬರಿಗಾಲು. ಅದರಲ್ಲೊಬ್ಬ ಹೆಗಲ ಮೇಲೆ ಕಾವಡಿ ಹೊತ್ತಿದ್ದಾನೆ! ಎರಡೂ ತುದಿಗೆ ಬುಟ್ಟಿ, ಬುಟ್ಟಿಯೊಳಗೆ ಪುಟ್ಟ ಪಾತ್ರೆಗಳು. ಇನ್ನೊಬ್ಬ ಒಂದು ಕತ್ತೆಯನ್ನು ನಡೆಸಿಕೊಂಡು ಬರುತ್ತಿದ್ದಾನೆ. ಕೊನೆಯವನ ಕೈಯಲ್ಲಿ ಎರಡು ಕೊಡಲಿ. ಪಾತ್ರೆಗಳಲ್ಲಿ ಇರುವುದು ಚಿನ್ನದ ಪುಡಿ ಅಂತ ಊಹೆ. ಯಾಕೆಂದರೆ, ಭಾರತದವರು ವರ್ಷಕ್ಕೆ 360 ಟ್ಯಾಲೆಂಟ್ ತೂಕದ ಚಿನ್ನದ ಪುಡಿ ಕಪ್ಪ ಕೊಡುತ್ತಿದ್ದರು ಅಂತ ಗ್ರೀಕ್ ಇತಿಹಾಸಕಾರ ಹೆರೊಡೋಟಸ್ ಬರೆದಿದ್ದಾನೆ.

ಚಿನ್ನ ಬಿಡು, ನನ್ನ ಕಣ್ಣು ಆ ಕಾವಡಿಯ ಮೇಲೇ ನೆಟ್ಟಿತ್ತು. ನಾನು ಚಿಕ್ಕವಳಿದ್ದಾಗ ಸಂತೆಗೆ ಮಡಕೆ ತರುತ್ತಿದ್ದ ಕುಂಬಾರಣ್ಣನ ಹೆಗಲ ಮೇಲೂ ಅದೇ ಇತ್ತು. ಕೋಲನ್ನು ಹಿಡಿಯುವ ರೀತಿಯೂ ಅದೇ. ಕೆತ್ತಿದವನು ಅದನ್ನು ಕಣ್ಣಾರೆ ನೋಡಿರಲೇಬೇಕು ಅಂತ ನನಗೆ ಈಗಲೂ ಅನಿಸುತ್ತದೆ.

ಇನ್ನು ಅವರು ನಮ್ಮ ಕಡೆಯವರಾ? ಅಲ್ಲ. ಡೇರಿಯಸ್‌ನ ಶಾಸನಗಳಲ್ಲಿ ಆ ಸೀಮೆಯ ಹೆಸರು ‘ಹಿಂದುಷ್’, ಅಂದರೆ ಸಿಂಧೂ ನದಿಯ ಬಯಲು. ಹಳೇ ಪರ್ಷಿಯನ್ನಿನಲ್ಲಿ ನಮ್ಮ ‘ಸ’ ಇರುವಲ್ಲಿ ‘ಹ’ ಬರುತ್ತದೆ. ಸಿಂಧು ಅಲ್ಲಿ ಹಿಂದು ಆಯಿತು. ಸಪ್ತ ಅನ್ನುವುದಕ್ಕೆ ಅಲ್ಲಿ ಹಫ್ತ್ ಅನ್ನುತ್ತಾರೆ. ಏಳು ದಿನದ ವಾರ ‘ಹಫ್ತೆ’. ನಮ್ಮ ಪೇಟೆ ರೌಡಿಗಳು ವಸೂಲಿ ಮಾಡುವ ಹಫ್ತಾ ಇದೆಯಲ್ಲ, ಅದರ ಬೇರು ಇದೇ! ಕನ್ನಡದಲ್ಲೂ ಪಾಲು ಹೋಗಿ ಹಾಲು ಆಗಲಿಲ್ವಾ, ಇದೂ ಅಂಥದ್ದೇ ಒಂದು ಚಾಳಿ.

ಇನ್ನೊಂದು ಸಂಗತಿ ಹೇಳಿ ಮುಗಿಸುತ್ತೇನೆ. 1933ರಲ್ಲಿ ಇದೇ ಪರ್ಸೆಪೊಲಿಸ್‌ನಲ್ಲಿ ಸಾವಿರಾರು ಮಣ್ಣಿನ ಫಲಕಗಳು ಸಿಕ್ಕವು. ಓದಿದರೆ ಎಲ್ಲ ರೇಷನ್ ಲೆಕ್ಕ. ಯಾರಿಗೆ ಎಷ್ಟು ಧಾನ್ಯ, ಎಷ್ಟು ದ್ರಾಕ್ಷಾರಸ, ಯಾವ ಊರಿನಿಂದ ಯಾವ ಊರಿಗೆ ಹೋಗುವವರಿಗೆ. ಬಾಣಂತಿಯರಿಗೆ ಹೆಚ್ಚುವರಿ ಕೊಟ್ಟ ಲೆಕ್ಕವೂ ಇದೆ. ಗಂಡು ಹೆತ್ತವಳಿಗೆ ಹೆಣ್ಣು ಹೆತ್ತವಳ ಎರಡರಷ್ಟು, ಅದೂ ಆಗಲೇ! ಹಿಂದುಷ್ ಕಡೆಯಿಂದ ಬಂದ ಪ್ರಯಾಣಿಕರಿಗೆ ಕೊಟ್ಟ ಬುತ್ತಿಯೂ ಕೆಲವು ಫಲಕಗಳಲ್ಲಿದೆ. ಅಧ್ಯಯನಕ್ಕೆ ಅಂತ ಅವನ್ನು ಅಮೆರಿಕದ ಶಿಕಾಗೊ ವಿಶ್ವವಿದ್ಯಾಲಯಕ್ಕೆ ಕಡ ಕೊಟ್ಟಿದ್ದರು. ಇರಾನ್ ವಿರುದ್ಧದ ಒಂದು ಪರಿಹಾರದ ದಾವೆಯಲ್ಲಿ ಅವನ್ನೇ ಜಪ್ತಿ ಮಾಡಬೇಕು ಅಂತ ಕೆಲವರು ಕೇಳಿದರು. ಆಗುವುದಿಲ್ಲ ಅಂತ 2018ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ ಹೇಳಿತು. ಮರುವರ್ಷ 1,783 ಫಲಕಗಳು ಟೆಹರಾನಿಗೆ ವಾಪಸ್ ಬಂದವು. ನಾವು ಹೋಗಿ ಬಂದ ಮೇಲೆ! ನನ್ನ ಹಣೆಬರಹ.

ಪ್ರ: ತಾಜ್ ಮಹಲ್ ಚೆಂದವೋ, ಇಸ್ಫಹಾನ್ ಚೆಂದವೋ?
*– ಓದುಗರು, ಚಿತ್ರದುರ್ಗ*

ಅನ್ನ ರುಚಿಯೋ ಸಾರು ರುಚಿಯೋ ಅಂದ ಹಾಗಾಯಿತು. ಇಸ್ಫಹಾನಿನ ನಕ್ಷ್-ಎ-ಜಹಾನ್ ಚೌಕ 560 ಮೀಟರ್ ಉದ್ದ, 160 ಮೀಟರ್ ಅಗಲ. ಅದರ ಪೂರ್ವಕ್ಕೆ ಶೇಖ್ ಲುತ್ಫುಲ್ಲಾ ಮಸೀದಿ. ಮಿನಾರು ಇಲ್ಲ, ಅಂಗಳ ಇಲ್ಲ. ಬಾಗಿಲು ದಾಟಿದರೆ ಒಂದು ಕತ್ತಲೆ ಓಣಿ, ಅದು ತಿರುಗುತ್ತದೆ. ಚೌಕದ ದಿಕ್ಕು ಬೇರೆ, ಮೆಕ್ಕಾದ ದಿಕ್ಕು ಬೇರೆ, ಎರಡನ್ನೂ ಹೊಂದಿಸಲು ಆ ತಿರುವು. ಕತ್ತಲೆಯಿಂದ ಗುಮ್ಮಟದ ಕೆಳಗೆ ಕಾಲಿಟ್ಟಾಗ ಬಾಯಲ್ಲಿ ಮಾತು ಬರುವುದಿಲ್ಲ. ಹೋಲಿಕೆ ಯಾಕೆ ಬೇಕು ಹೇಳಿ.

ಪ್ರ: ನಾವು ಶುದ್ಧ ಸಸ್ಯಾಹಾರಿಗಳು. ಅಲ್ಲಿ ಉಪವಾಸ ಬೀಳಬೇಕಾ?
*– ಗೃಹಿಣಿ, ಬೆಂಗಳೂರು*

ಉಪವಾಸ ಬೀಳುವುದಿಲ್ಲ, ಸ್ವಲ್ಪ ಪೇಚಾಟ ಇದ್ದೇ ಇದೆ. ನಮ್ಮ ಮನೆಯವರೂ ಸಸ್ಯಾಹಾರಿಯೇ. ಬೀದರಿನವರಾದ್ದರಿಂದ ನಮಗೆ ದಖ್ಖನಿ ಉರ್ದು ಬರುತ್ತದೆ, ಅದರಲ್ಲೇ ಸಂಭಾಳಿಸಬಹುದು ಅನ್ನುವ ಧೈರ್ಯ. ಶಿರಾಜ್‌ನ ಹೋಟೆಲಿನಲ್ಲಿ ಮೊದಲ ದಿನ “ಸಬ್ಜಿ, ಸಬ್ಜಿ” ಅಂದರು. ಮಾಣಿ ಖುಷಿಯಿಂದ ತಲೆ ಆಡಿಸಿ ಹೋದ. ಒಂದು ತಟ್ಟೆ ಹಸಿ ಸೊಪ್ಪು ತಂದಿಟ್ಟ! ಪುದೀನ, ಕಾಮಕಸ್ತೂರಿಯಂಥ ಎಲೆ, ಮೂಲಂಗಿ, ಈರುಳ್ಳಿ ಸೊಪ್ಪು. ಅಲ್ಲಿ ಸಬ್ಜಿ ಅಂದರೆ ಸೊಪ್ಪೇ, ನಮ್ಮ ಪಲ್ಯ ಅಲ್ಲ. ಇವರ ಮುಖ ನೋಡಬೇಕಿತ್ತು. ನಮ್ಮ ದನದ ಕೊಟ್ಟಿಗೆ ನೆನಪಾಯಿತು ಅಂದರು.

ಆದರೆ ಆ ಸೊಪ್ಪನ್ನು ಬಿಸಿ ರೊಟ್ಟಿಯಲ್ಲಿ, ಒಂದು ತುಂಡು ಪನೀರಿನ ಜೊತೆ ಸುತ್ತಿ ತಿಂದರೆ, ಅದೇ ಒಂದು ಊಟ. ಸಂಗಕ್ ಅಂತ ಒಂದು ರೊಟ್ಟಿ ಇದೆ. ಒಲೆಯೊಳಗೆ ಕಾದ ಸಣ್ಣ ಸಣ್ಣ ಕಲ್ಲುಗಳ ಮೇಲೆ ಬೇಯಿಸುತ್ತಾರೆ. ಸಂಗ್ ಅಂದರೆ ಕಲ್ಲು. ಕೊಂಡ ಮೇಲೆ ಕೊಡವಿ ತಿನ್ನಿ, ಒಂದೆರಡು ಕಲ್ಲು ಅಂಟಿಕೊಂಡೇ ಇರುತ್ತವೆ. ‘ಕಶ್ಕ್-ಎ-ಬಾದೆಂಜಾನ್’ ಅಂದರೆ ಬದನೆಕಾಯಿ ಗೊಜ್ಜಿನಂಥದ್ದು, ಹುಳಿ ಮೊಸರಿನ ಕೆನೆ ಹಾಕಿರುತ್ತಾರೆ. ಮೊಸರು ಸೌತೆಕಾಯಿ ಎಲ್ಲ ಕಡೆ ಸಿಗುತ್ತದೆ. ‘ಮಿರ್ಜಾ ಗಾಸೆಮಿ’ಯಲ್ಲೂ ಬದನೆಕಾಯಿಯೇ, ಆದರೆ ಮೊಟ್ಟೆ ಬೀಳುತ್ತದೆ, ಎಚ್ಚರ. ಸಾರಿನಂಥದ್ದು ಏನೇ ಬಂದರೂ ಮಾಂಸದ ನೀರಿನಲ್ಲಿ ಮಾಡಿದ್ದಾ ಅಂತ ಕೇಳಿ. ‘ಗೂಷ್ತ್’ ಅಂದರೆ ಮಾಂಸ, ‘ಬೆದೂನ್-ಎ-ಗೂಷ್ತ್’ ಅಂದರೆ ಮಾಂಸ ಇಲ್ಲದ್ದು. ಈ ಎರಡನೆಯದನ್ನು ಬಾಯಿಪಾಠ ಮಾಡಿಕೊಂಡು ಹೋಗಿ. ಉಪ್ಪಿನಕಾಯಿ ಬಾಟಲಿ ನಾನು ಹೇಳದಿದ್ದರೂ ಒಯ್ಯುತ್ತೀರಿ, ಗೊತ್ತು.

ಪ್ರ: ನಮ್ಮ ತೊರವಿ ಕಡೆ ಆದಿಲ್‌ಶಾಹಿ ಕಾಲದ ಸುರಂಗ ಬಾವಿ ಇದೆ. ಇದು ಇರಾನಿನ ಪದ್ಧತಿ ಅನ್ನುತ್ತಾರೆ. ನೀವು ಅಲ್ಲಿ ಮೂಲ ನೋಡಿದಿರಾ?
*– ಕೃಷಿಕರು, ವಿಜಯಪುರ*

ನೋಡಿದೆವು ಅಣ್ಣಾ. ನಮ್ಮ ಮನೆಯವರು ಸಣ್ಣ ನೀರಾವರಿ ಇಲಾಖೆಯಲ್ಲಿದ್ದವರು. ಅರಮನೆ ಮಸೀದಿ ನೋಡುವಾಗ ಗಡಿಯಾರ ನೋಡುತ್ತಿದ್ದವರು, ಯಜ್ದ್‌ಗೆ ಬಂದ ಮೇಲೆ ನನ್ನನ್ನೇ ಕಾಯಿಸಿದರು.

ಅಲ್ಲಿ ಇದಕ್ಕೆ ‘ಕನಾತ್’ ಅನ್ನುತ್ತಾರೆ, ಕೆಲವು ಕಡೆ ‘ಕಾರೀಜ್’. ಬೀದರಿನಲ್ಲಿ ನಾವು ಕರೇಜ್ ಅನ್ನುತ್ತೇವಲ್ಲ, ಅದೇ ಮಾತು. ಬೆಟ್ಟದ ಬುಡದಲ್ಲಿ ನೀರು ಸಿಗುವವರೆಗೆ ಒಂದು ಆಳದ ಬಾವಿ ತೋಡುತ್ತಾರೆ. ಅದು ತಾಯಿ ಬಾವಿ. ಅಲ್ಲಿಂದ ಊರಿನ ಕಡೆಗೆ ನೆಲದೊಳಗೇ ಸುರಂಗ, ಬಹಳ ಸಣ್ಣ ಇಳಿಜಾರು. ಇಳಿಜಾರು ಜಾಸ್ತಿಯಾದರೆ ನೀರು ಸುರಂಗವನ್ನೇ ಕೊರೆದು ಹಾಕುತ್ತದೆ, ಕಡಿಮೆಯಾದರೆ ಹೂಳು ನಿಲ್ಲುತ್ತದೆ. ನಡುನಡುವೆ ಮೇಲಿನಿಂದ ಬಾವಿಗಳು, ಮಣ್ಣು ತೆಗೆಯಲು ಮತ್ತು ಗಾಳಿ ಆಡಲು. ಕೊನೆಗೆ ನೀರು ತಾನಾಗಿ ಊರ ಹತ್ತಿರ ಹೊರಗೆ ಹರಿದು ಬರುತ್ತದೆ. ಪಂಪು ಬೇಡ, ಏತ ಬೇಡ, ಕರೆಂಟ್ ಹೋಯಿತು ಅನ್ನುವ ಗೋಳಿಲ್ಲ. ನೆಲದ ಕೆಳಗಿರುವುದರಿಂದ ಬಿಸಿಲಿಗೆ ಆವಿಯೂ ಆಗುವುದಿಲ್ಲ. ವಿಮಾನದಿಂದ ನೋಡಿದರೆ ಮರುಭೂಮಿಯಲ್ಲಿ ಇರುವೆ ಗೂಡುಗಳ ಸಾಲಿನ ಹಾಗೆ ಈ ಬಾವಿ ಬಾಯಿಗಳು ಕಾಣುತ್ತವೆ.

2016ರಲ್ಲಿ ಯುನೆಸ್ಕೊ ಇಂಥ 11 ಕನಾತ್‌ಗಳನ್ನು ವಿಶ್ವ ಪರಂಪರೆ ಪಟ್ಟಿಗೆ ಸೇರಿಸಿತು. ಅದರಲ್ಲಿ ಗೊನಾಬಾದ್‌ನದರ ತಾಯಿ ಬಾವಿಯ ಆಳ ಮುನ್ನೂರು ಮೀಟರ್‌ಗೂ ಹೆಚ್ಚು. ಸನಿಕೆ, ಬುಟ್ಟಿ, ಹಗ್ಗ, ದೀಪ ಇಷ್ಟರಲ್ಲೇ ತೋಡಿದ್ದು! ತೋಡುವವರಿಗೆ ‘ಮುಕನ್ನಿ’ ಅನ್ನುತ್ತಾರೆ. ಅವರು ಬಿಳಿ ಬಟ್ಟೆ ಉಟ್ಟು ಇಳಿಯುತ್ತಿದ್ದರು. ಕತ್ತಲೆಯಲ್ಲಿ ಕಾಣಲಿ ಅಂತ ಒಂದು ಕಾರಣ. ಸುರಂಗ ಕುಸಿದರೆ ಅದೇ ಹೆಣದ ಬಟ್ಟೆಯಾಗಲಿ ಅಂತ ಇನ್ನೊಂದು. ಯಜ್ದ್‌ನ ನೀರಿನ ಮ್ಯೂಸಿಯಂನಲ್ಲಿ ಆ ಬಿಳಿ ಅಂಗಿ ನೋಡಿ ನಾನು ಸುಮ್ಮನೆ ನಿಂತುಬಿಟ್ಟೆ. ಇವರು ಪಕ್ಕದ ರಾಟೆಯ ಅಳತೆ ಬರೆದುಕೊಳ್ಳುತ್ತಿದ್ದರು.

ನೀರು ಹಂಚುವ ಲೆಕ್ಕವೂ ಸೊಗಸು. ಒಂದು ದೊಡ್ಡ ಪಾತ್ರೆ ನೀರಿನಲ್ಲಿ ಬುಡಕ್ಕೆ ಸಣ್ಣ ತೂತಿರುವ ತಾಮ್ರದ ಬಟ್ಟಲನ್ನು ತೇಲಿ ಬಿಡುತ್ತಾರೆ. ಅದು ತುಂಬಿ ಮುಳುಗಿದರೆ ಒಂದು ಪಾಲು. ನಿನ್ನ ಹೊಲಕ್ಕೆ ಇಷ್ಟು ಬಟ್ಟಲು, ಅವನ ಹೊಲಕ್ಕೆ ಅಷ್ಟು ಬಟ್ಟಲು. ಇದನ್ನು ನೋಡಿಕೊಳ್ಳುವವನು ‘ಮೀರಾಬ್’, ನಮ್ಮ ನೀರಗಂಟಿಯೇ ಅಂದುಕೊಳ್ಳಿ. ಮದುವೆ ಮುಹೂರ್ತಕ್ಕೆ ನಮ್ಮಲ್ಲಿ ಇಡುತ್ತಿದ್ದ ಗಳಿಗೆ ಬಟ್ಟಲು ಕೂಡ ಇದೇ ಅಲ್ವಾ?

ಬೀದರಿನ ನೌಬಾದ್ ಕರೇಜ್ 15ನೇ ಶತಮಾನದ್ದು, ಬಹಮನಿಗಳ ಕಾಲದ್ದು. ನಮ್ಮ ಕೆಂಪು ಜಂಬಿಟ್ಟಿಗೆ ಕಲ್ಲಿನಲ್ಲಿ ಕೊರೆದದ್ದು. ಕಸ, ಹೂಳು ತುಂಬಿ ಎಷ್ಟೋ ವರ್ಷ ಮರೆತುಹೋಗಿತ್ತು. ಆಮೇಲೆ ಹೂಳು ತೆಗೆದರು. ನಾವು ಮೊದಲ ಸಲ ಒಳಗೆ ಇಣುಕಿದಾಗ ತಣ್ಣನೆ ಗಾಳಿ ಮುಖಕ್ಕೆ ಬಡಿದಿತ್ತು. ಯಜ್ದ್‌ನಲ್ಲಿ ಕೆಳಗಿಳಿದಾಗಲೂ ಅದೇ ಗಾಳಿ.

ಈಗ ಬೇಜಾರಿನ ಮಾತು. ಅಲ್ಲೂ ಬೋರ್‌ವೆಲ್ ಬಂದು ಕನಾತ್‌ಗಳು ಒಣಗುತ್ತಿವೆ. ನೀರಿನ ಮಟ್ಟ ತಾಯಿ ಬಾವಿಗಿಂತ ಕೆಳಗೆ ಹೋದರೆ ಸುರಂಗ ಏನು ಮಾಡೀತು? ಇಸ್ಫಹಾನಿನಲ್ಲಿ ಝಾಯಂದೆ ನದಿಯ ಮೇಲೆ 33 ಕಮಾನಿನ ಸೇತುವೆ ಇದೆ, 1602ರ ಹೊತ್ತಿಗೆ ಮುಗಿದದ್ದು. ನಾವು ಹೋದಾಗ ಕೆಳಗೆ ಒಂದು ಹನಿ ನೀರಿಲ್ಲ. ಹಂಸದ ಆಕಾರದ ದೋಣಿಗಳು ಒಣ ಮಣ್ಣಿನ ಮೇಲೆ ಸಾಲಾಗಿ ಕೂತಿದ್ದವು. ನದಿಯ ಪಾತ್ರದಲ್ಲಿ ಹುಡುಗರು ಕಾಲ್ಚೆಂಡು ಆಡುತ್ತಿದ್ದರು. ಪರ್ಸೆಪೊಲಿಸ್ ಇರುವ ಬಯಲಿನಲ್ಲೂ ಅಂತರ್ಜಲ ಎಳೆದೂ ಎಳೆದೂ ನೆಲ ಕುಸಿಯುತ್ತಿದೆ. ಡೇರಿಯಸ್‌ನ ಸಮಾಧಿ ಇರುವ ನಕ್ಷ್-ಎ-ರುಸ್ತಮ್ ಹತ್ತಿರ ನೆಲ ಬಿರುಕು ಬಿಟ್ಟಿದೆ. ಅಲೆಕ್ಸಾಂಡರನ ಬೆಂಕಿಗೆ ಬಗ್ಗದ ಕಲ್ಲು ಬೋರ್‌ವೆಲ್ಲಿಗೆ ಬಗ್ಗಿದರೆ ಏನು ಹೇಳುವುದು.

ಪ್ರ: ಸ್ಮಾರಕಗಳ ಮೇಲೆ ಹೆಸರು ಕೆತ್ತುವ ಕೆಟ್ಟ ಚಟ ನಮ್ಮವರಿಗೆ ಮಾತ್ರವೇ?
*– ಓದುಗರು, ಮೈಸೂರು*

ನಿಮ್ಮೂರಿಗೇ ಸಂಬಂಧಪಟ್ಟ ಉತ್ತರ ಇದೆ. ಪರ್ಸೆಪೊಲಿಸ್‌ನಲ್ಲಿ ದೊಡ್ಡ ಮೆಟ್ಟಿಲು ಹತ್ತಿದ ಕೂಡಲೇ ರೆಕ್ಕೆಯ ಗೂಳಿಗಳಿರುವ ಹೆಬ್ಬಾಗಿಲು. ಒಳಗೋಡೆಯ ತುಂಬ ಯುರೋಪಿನವರ ಹೆಸರುಗಳು. ಆಫ್ರಿಕಾ ಸುತ್ತಿದ ಪತ್ರಕರ್ತ ಸ್ಟ್ಯಾನ್ಲಿ ತನ್ನ ಹೆಸರಿನ ಜೊತೆ ಪತ್ರಿಕೆಯ ಹೆಸರನ್ನೂ ಕೆತ್ತಿದ್ದಾನೆ, 1870 ಅಂತ ಇಸವಿ ಹಾಕಿ. ಬಿಟ್ಟಿ ಜಾಹೀರಾತು! ಅದಕ್ಕೂ ಹಿಂದಿನದು ಕ್ಯಾಪ್ಟನ್ ಜಾನ್ ಮಾಲ್ಕಮ್, 1800. ಈಸ್ಟ್ ಇಂಡಿಯಾ ಕಂಪನಿಯ ರಾಯಭಾರಿಯಾಗಿ ಪರ್ಷಿಯಕ್ಕೆ ಹೋಗಿದ್ದವನು. ಹಿಂದಿನ ವರ್ಷ, 1799ರಲ್ಲಿ, ಇದೇ ಮಾಲ್ಕಮ್ ಶ್ರೀರಂಗಪಟ್ಟಣದಲ್ಲಿದ್ದ. ಟಿಪ್ಪು ಬಿದ್ದ ಮೇಲೆ ಮೈಸೂರಿನ ರಾಜ್ಯ ಹಂಚಿಕೆ ತೀರ್ಮಾನಿಸಿದ ಆಯೋಗಕ್ಕೆ ಥಾಮಸ್ ಮನ್ರೊ ಜೊತೆ ಕಾರ್ಯದರ್ಶಿ. ಅಕ್ಷರ ಏನೋ ಬಹಳ ಅಂದವಾಗಿದೆ, ಗೆರೆ ಎಳೆದು ಬರೆದ ಹಾಗೆ. ನಮ್ಮ ಹುಡುಗರು ಸಿಕ್ಕಿಬಿದ್ದರೆ ದಂಡ. ಇವರ ಗೀಚಾಟಕ್ಕೆ ಈಗ ಗಾಜಿನ ರಕ್ಷಣೆ.

ಪ್ರ: ಇರಾನಿನಿಂದ ನಮ್ಮಲ್ಲಿಗೆ ಬಂದದ್ದರ ಬಗ್ಗೆ ಎಲ್ಲರೂ ಬರೆಯುತ್ತಾರೆ. ನಮ್ಮ ಕಡೆಯಿಂದ ಅಲ್ಲಿಗೆ ಹೋದದ್ದು ಏನೂ ಇಲ್ವಾ?
*– ಉಪನ್ಯಾಸಕರು, ಕಲಬುರಗಿ*

ಇದೆ ಸರ್, ನಿಮ್ಮ ಪ್ರಶ್ನೆಗೆ ಕಾಯುತ್ತಿದ್ದೆ. ಕೆರ್ಮಾನ್ ನಗರದಿಂದ ಸುಮಾರು 35 ಕಿಲೋಮೀಟರ್ ದೂರದಲ್ಲಿ ಮಾಹಾನ್ ಅಂತ ಒಂದು ಪುಟ್ಟ ಊರು. ಅಲ್ಲಿ ಸೂಫಿ ಸಂತ ಶಾಹ್ ನೇಮತುಲ್ಲಾ ವಲಿಯ ದರ್ಗಾ ಇದೆ. ಅವರು ತೀರಿಕೊಂಡದ್ದು 1431ರಲ್ಲಿ. ಗೋರಿಯ ಮೇಲಿನ ಗುಮ್ಮಟದ ಕೋಣೆ ಎದ್ದದ್ದು 1436ರಲ್ಲಿ. ಅದನ್ನು ಕಟ್ಟಿಸಿದವನು ಕಲಬುರಗಿಯಿಂದ ಬೀದರಿಗೆ ರಾಜಧಾನಿ ಸಾಗಿಸಿದ ನಮ್ಮ ಸುಲ್ತಾನ ಅಹಮದ್ ಶಾಹ ಬಹಮನಿ! ದಖ್ಖನಿಗೆ ಬನ್ನಿ ಅಂತ ಸುಲ್ತಾನ ಸಂತರನ್ನು ಕರೆದಿದ್ದ. ಅವರು ಬರಲಿಲ್ಲ, ಮೊಮ್ಮಗನನ್ನು ಕಳಿಸಿದರು. ಆಮೇಲೆ ಮಗ ಖಲೀಲುಲ್ಲಾ ಕೂಡ ಬೀದರಿಗೆ ಬಂದರು. ಅಷ್ಟೂರಿಗೆ ಹೋಗುವ ದಾರಿಯಲ್ಲಿರುವ ಚೌಖಂಡಿ ಅವರದ್ದೇ ಸಮಾಧಿ.

ಮಾಹಾನ್‌ನ ದರ್ಗಾವನ್ನು ಮುಂದೆ ಇರಾನಿನ ದೊರೆಗಳು ಬೆಳೆಸಿದರು, ಅಂಗಳ ಮಿನಾರು ಎಲ್ಲ ಸೇರಿತು. ನಡುವಿನ ಕೋಣೆ ಮಾತ್ರ ನಮ್ಮವನದು. ಅಲ್ಲಿದ್ದ ಮುದುಕರಿಗೆ ಹರಕು ಫಾರ್ಸಿಯಲ್ಲಿ “ಮನ್ ಅಜ್ ಬೀದರ್”, ನಾನು ಬೀದರಿನವಳು ಅಂದೆ. ಅವರಿಗೆ ಅರ್ಥವಾಗಲಿಲ್ಲ. “ದಖ್ಖನ್” ಅಂದೆ, “ಅಹಮದ್ ಶಾಹ” ಅಂದೆ. ಮುಖ ಅರಳಿತು. ಒಳಗೆ ಹೋಗಿ ಗಾಜಿನ ಲೋಟದಲ್ಲಿ ಚಹಾ ತಂದರು. ಹಾಲಿಲ್ಲದ ಚಹಾ, ಹಲ್ಲಿನ ನಡುವೆ ಸಕ್ಕರೆ ತುಂಡು ಕಚ್ಚಿಕೊಂಡು ಕುಡಿಯುವುದು. ಚೆಲ್ಲಿಕೊಂಡೆ. ಅವರು ನಕ್ಕರು.

ಅದೇ ಅಹಮದ್ ಶಾಹನ ಗೋರಿ ಅಷ್ಟೂರಿನಲ್ಲಿದೆ. ಅವನ ಉರುಸಿಗೆ ಮಾಡ್ಯಾಳದಿಂದ ಲಿಂಗಾಯತ ಜಂಗಮರು ಬರುತ್ತಾರೆ, ಅವನನ್ನು ಅಲ್ಲಮಪ್ರಭು ಅನ್ನುತ್ತಾರೆ. ಇದನ್ನು ಆ ಮುದುಕರಿಗೆ ಹೇಳಬೇಕಿತ್ತು. ನನ್ನ ಫಾರ್ಸಿ ಅಲ್ಲಿಯವರೆಗೆ ಹೋಗಲಿಲ್ಲ.

ಪ್ರ: ಯಜ್ದ್‌ನಲ್ಲಿ 1500 ವರ್ಷದಿಂದ ಆರದ ಬೆಂಕಿ ಇದೆಯಂತೆ?
*– ಓದುಗರು, ಶಿರಸಿ*

ಇದೆ. ಜರತುಷ್ಟ್ರ ಧರ್ಮದವರ ಅಗ್ನಿಮಂದಿರ. ಕ್ರಿ.ಶ. 470ರಿಂದ ಉರಿಯುತ್ತಿದೆ ಅಂತ ಅವರ ನಂಬಿಕೆ, ಬೇರೆ ಬೇರೆ ಊರು ದಾಟಿ ಯಜ್ದ್‌ಗೆ ಬಂದದ್ದು. ಕಟ್ಟಡ ಮಾತ್ರ 1934ರದ್ದು, ಭಾರತದ ಪಾರ್ಸಿಗಳ ಹಣದಲ್ಲಿ ಕಟ್ಟಿದ್ದು. ಗಾಜಿನ ಆಚೆಯಿಂದ ನೋಡಬೇಕು. ದೊಡ್ಡ ಜ್ವಾಲೆ ನಿರೀಕ್ಷಿಸಬೇಡಿ. ಮನೆಯ ಒಲೆಯಷ್ಟೇ.

ಪ್ರ: ಈಗ ಹೋಗಬಹುದಾ ಮೇಡಂ? ವೀಸಾ, ಬಟ್ಟೆ, ಹಣದ ವಿಷಯ ತಿಳಿಸಿ.
*– ನರ್ಸ್, ಮಂಗಳೂರು*

ನನ್ನ ಮಾತು ನಂಬಿ ಹೊರಡಬೇಡಿ. ನಮ್ಮ ವಿದೇಶಾಂಗ ಇಲಾಖೆ ಆ ವಾರ ಏನು ಹೇಳಿದೆಯೋ ಅದನ್ನೇ ನೋಡಿ. 2024ರ ಫೆಬ್ರವರಿಯಲ್ಲಿ ಇರಾನ್ ಭಾರತೀಯರಿಗೆ ಹದಿನೈದು ದಿನದ ಮಟ್ಟಿಗೆ ವೀಸಾ ಬೇಡ ಅಂದಿತ್ತು. ಕೆಲಸ ಕೊಡಿಸುತ್ತೇವೆ ಅಂತ ಜನರನ್ನು ಕರೆದೊಯ್ದು, ಅಪಹರಿಸಿ, ಹಣ ಕೇಳುವ ದಂಧೆ ಶುರುವಾಯಿತು. 2025ರ ನವೆಂಬರ್ 22ರಿಂದ ಆ ಸೌಲಭ್ಯ ನಿಂತಿತು. ಅದೇ ವರ್ಷ ಜೂನ್‌ನಲ್ಲಿ ಯುದ್ಧವಾಗಿ ನಮ್ಮವರನ್ನು ಸರ್ಕಾರ ವಾಪಸ್ ಕರೆಸಿಕೊಂಡದ್ದು ನಿಮಗೂ ನೆನಪಿರಬೇಕು. ಏಜೆಂಟ್ ಯಾರೇ ‘ವೀಸಾ ಬೇಡ’ ಅಂದರೂ ನಂಬಬೇಡಿ.

ಬಟ್ಟೆ: ಹೆಂಗಸರು ತಲೆ ಮುಚ್ಚಬೇಕು ಅನ್ನುವುದು ಅಲ್ಲಿನ ಕಾನೂನು, ಹೊರಗಿನವರಿಗೂ. ಸೀರೆಯ ಸೆರಗು ಜಾರುತ್ತಲೇ ಇರುತ್ತದೆ, ನಾನು ಉದ್ದ ತೋಳಿನ ಚೂಡಿದಾರ್, ದುಪಟ್ಟಾದಲ್ಲಿ ಕಳೆದೆ. ಹಣ: ನಿರ್ಬಂಧಗಳಿಂದಾಗಿ ನಮ್ಮ ಕಾರ್ಡುಗಳು ನಡೆಯುವುದಿಲ್ಲ, ನಗದು ಒಯ್ಯಬೇಕು. ನಾವು ಹೋದಾಗ ನೋಟಿನ ಮೇಲೆ ರಿಯಾಲ್, ಅಂಗಡಿಯವನ ಬಾಯಲ್ಲಿ ತುಮಾನ್. ಒಂದು ತುಮಾನ್‌ಗೆ ಹತ್ತು ರಿಯಾಲ್. ಇದು ತಿಳಿಯದೆ ಪಿಸ್ತಾ ಭಾರೀ ಅಗ್ಗ ಅಂತ ಎರಡು ಕಿಲೋ ಕಟ್ಟಿಸಿದೆ. ದುಡ್ಡು ಕೊಡುವಾಗ ಒಂದು ಸೊನ್ನೆ ಜಾಸ್ತಿಯಾಯಿತು! ಅರ್ಧ ಕಿಲೋಗೆ ಇಳಿಸಿದೆ. ಇನ್ನೊಂದು, ಎಷ್ಟು ಅಂತ ಕೇಳಿದರೆ ಅಂಗಡಿಯವರು “ಏನೂ ಬೇಡ” ಅನ್ನುತ್ತಾರೆ. ಅದು ಅವರ ಮರ್ಯಾದೆಯ ಮಾತು, ‘ತಾರೂಫ್’ ಅಂತ. ಥ್ಯಾಂಕ್ಸ್ ಹೇಳಿ ಹೊರಟುಬಿಡಬೇಡಿ ಮತ್ತೆ!

ಪ್ರ: ಅಜ್ಜಿ, ನೀವು ಇರಾನಿನಿಂದ ಏನು ತಂದಿರಿ?
*– ಏಳನೇ ತರಗತಿ ವಿದ್ಯಾರ್ಥಿ, ಹುಮನಾಬಾದ್*

ಆ ಅರ್ಧ ಕಿಲೋ ಪಿಸ್ತಾ, ಅದು ಎಂದೋ ಖಾಲಿ. ಆಮೇಲೆ ಒಂದು ತಾಮ್ರದ ಬಟ್ಟಲು ಪುಟ್ಟಾ. ಯಜ್ದ್‌ನ ಬಜಾರಿನಲ್ಲಿ ತಾತ ಕೊಂಡರು. ಮನೆಗೆ ಬಂದು ಬುಡಕ್ಕೆ ಮೊಳೆಯಿಂದ ತೂತು ಮಾಡಿದರು. ನೀರಿನ ಪಾಲು ಅಳೆಯುವ ಬಟ್ಟಲಿನ ಬಗ್ಗೆ ಮೇಲೆ ಬರೆದಿದ್ದೇನಲ್ಲ, ಅಂಥದ್ದು. ಬಕೆಟ್ ನೀರಿನಲ್ಲಿ ಬಿಟ್ಟು ಇಬ್ಬರೂ ಕುರ್ಚಿ ಹಾಕಿಕೊಂಡು ಕಾಯುತ್ತೇವೆ. ಮೊದಮೊದಲು ಹನ್ನೊಂದು ನಿಮಿಷಕ್ಕೆ ಮುಳುಗುತ್ತಿತ್ತು. ಕಳೆದ ಭಾನುವಾರ ಒಂಬತ್ತಕ್ಕೇ ಮುಳುಗಿತು. ಹುಣಸೆಹಣ್ಣು ಹಾಕಿ ತಿಕ್ಕಿ ತಿಕ್ಕಿ ತೂತು ದೊಡ್ಡದು ಮಾಡಿದ್ದು ನೀನೇ ಅಂತ ತಾತ ನನ್ನ ಮೇಲೆ ಮುನಿಸಿಕೊಂಡಿದ್ದಾರೆ.